ಎರಡು ಜಡೆಯ ಸರ್ವರ್

ಈ ಮೂಲಕ ದಾವಣಗೆರೆ ಮತ್ತು ಹರಿಹರದ ಸಮಸ್ತ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ಮಂಡಿಪೇಟೆಯ ಮೊದಲ ಮಹಡಿಯಲ್ಲಿರುವ 'ಕಲ್ಯಾಣಸೇತು ವಧು-ವರರ ಮಾಹಿತಿ ಕೇಂದ್ರ'ದ ಸರ್ವರ್ ಮೇಲೆ ಶಾಸ್ತ್ರೋಕ್ತವಾಗಿ ಪ್ರತಿಷ್ಠಾಪಿಸಲಾಗಿದ್ದ ನಿಂಬೆಹಣ್ಣೊಂದು ಇಂದು ಮಧ್ಯಾಹ್ನ ಫ್ಯಾನಿನ ಗಾಳಿಗೆ ಸಿಕ್ಕಿ, ಯಾವುದೇ ಮುನ್ಸೂಚನೆ ನೀಡದೆ ಉರುಳಿ ನೆಲ ಸೇರಿತು. ಪ್ರಾಣಹಾನಿ ಇಲ್ಲ. ಹಣ್ಣು ಮೊದಲೇ ಒಣಗಿದ್ದರಿಂದ ರಸಹಾನಿಯೂ ಇಲ್ಲ.

ಉರುಳಿದ್ದು ಹುಲಿಗೆಮ್ಮನ ಕಾಲ ಬುಡಕ್ಕೆ. ಅವಳು ಬಗ್ಗಿ ಎತ್ತಿಕೊಂಡು ಮೂಸಿದಳು.

ಹಿಂದೆ ವಿಮೆ ಕಂಪನಿಯ ಸರ್ವೇಯರ್ ಆಗಿದ್ದಾಗ ಸುಟ್ಟುಹೋದ ಮಂಡಕ್ಕಿ ಭಟ್ಟಿಗಳ ಬೂದಿ ಮೂಸಿ, ಇದು ತಾನಾಗಿ ಹತ್ತಿದ ಬೆಂಕಿಯೋ ಧಣಿ ಹತ್ತಿಸಿದ ಬೆಂಕಿಯೋ ಎಂದು ತೀರ್ಪು ಕೊಡುತ್ತಿದ್ದ ಮೂಗು ಅದು. ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದ ಮೇಲೂ ಮೂಗು ಮಾತ್ರ ರಾಜೀನಾಮೆ ಕೊಟ್ಟಿರಲಿಲ್ಲ.

"ಇದನ್ಯಾಕ್ರೀ ಮಷಿನ್ ಮ್ಯಾಲೆ ಇಟ್ಟೀರಿ?"

"ದೃಷ್ಟಿ ತಾಗಬಾರ್ದು ಅಂತ," ಎಂದರು ಕಸ್ತೂರಮ್ಮ. ಕೇಂದ್ರದ ಅಧ್ಯಕ್ಷೆ, ಮಾಲೀಕ ಕರಿಬಸವರಾಜರ ಅಕ್ಕ. "ಇಂಥ ಮಷಿನ್ ಈ ಬೀದಿಯಾಗೆ ಯಾರತ್ರ ಐತೆ ಹೇಳು?"

ದೃಷ್ಟಿ ತಾಗಿಯಾಗಿತ್ತು ಎಂಬುದೇ ತಕರಾರು. ಸರ್ವರಿಗೂ ವರ ಕೊಡಬೇಕಾದ ಸರ್ವರು, ಕೆಲವು ತಿಂಗಳಿಂದ ತನ್ನೊಳಗಿನ ವರಗಳನ್ನೇ ಕಳೆದುಕೊಳ್ಳುತ್ತಿತ್ತು. ಬೆಳಿಗ್ಗೆ ನೋಂದಾಯಿಸಿದ ವರ ಸಂಜೆಗೆ ಮಾಯ. ಹೆಸರಿಲ್ಲ, ಫೋಟೋ ಇಲ್ಲ, ನಕ್ಷತ್ರವಂತೂ ಹಾಡಹಗಲೇ ಮುಳುಗಿರುತ್ತಿತ್ತು.

ಆರೋಪ ಬಿದ್ದಿದ್ದು ಕಂಪ್ಯೂಟರ್ ನೋಡಿಕೊಳ್ಳುವ ಗುಲ್ನಾಜ್ ಮೇಲೆ. ಹರಿಹರದ ಹುಡುಗಿ. ಹರಿಹರದಲ್ಲೇ ಎದುರಾಳಿ ಕೇಂದ್ರವೂ ಇದೆ. ಇಲ್ಲಿ ಕಳೆದ ಭಾನುವಳ್ಳಿಯ ವರ ಅಲ್ಲಿನ ಗೋಡೆಯ ಮೇಲೆ ನಗುತ್ತಿದ್ದ. ಕರಿಬಸವರಾಜರಿಗೆ ಇನ್ನೇನು ಬೇಕು? ಅದಕ್ಕೆಂದೇ ಕರೆದ ಇವತ್ತಿನ ಸಭೆ ಮುಗಿಯುವಷ್ಟರಲ್ಲಿ, ಪತ್ತೆಗೆ ಕರೆಸಿದ್ದ ಹುಲಿಗೆಮ್ಮ ಬೇರೆ ಕಳ್ಳನನ್ನು ತೋರಿಸದಿದ್ದರೆ ದೂರು ನೇರ ಪೊಲೀಸ್ ಠಾಣೆಗೆ.

ಗುಲ್ನಾಜ್ ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ತಾಲ್ಲೂಕು ಆಫೀಸಿನ ಕೆಲಸಕ್ಕೆ ಅವಳು ಆಯ್ಕೆಯಾಗಿದ್ದಳು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಠಾಣೆಯಲ್ಲಿ ಅವಳ ಹೆಸರಿಗೆ ಒಂದು ಗೀಟು ಬಿದ್ದರೂ ಸಾಕು, ಆ ಕೆಲಸಕ್ಕೆ ಎಳ್ಳುನೀರು. ತಾಯಿ ಖತೀಜಾಬೀ ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದರು. ಅವಳು ಎತ್ತಿರಲಿಲ್ಲ. ಎತ್ತಿ ಹೇಳುವುದಾದರೂ ಏನು?

"ಈ ನಿಂಬೆಹಣ್ಣು ಯಾವಾಗ ಇಟ್ಟಿದ್ದು?" ಹುಲಿಗೆಮ್ಮ ಬಿಡಲಿಲ್ಲ.

"ಅಮಾಸಿಗೆ," ಎಂದರು ಕರಿಬಸವರಾಜ. ಹಣೆ ತುಂಬ ವಿಭೂತಿ, ಕೈ ತುಂಬ ಫೋನ್. "ಪ್ರತಿ ಅಮಾಸಿಗೆ ಪೂಜೆ ಮಾಡ್ತೀವಿ. ನಮ್ಮಪ್ಪನ ಕಾಲದಾಗೆ ಹತ್ತಿ ಮಷಿನ್‌ಗೆ ಮಾಡ್ತಿದ್ವಿ, ಈಗ ಇದಕ್ಕೆ."

"ಮಷಿನ್ ಓಡ್ತಿರುವಾಗ್ಲೇ ಪೂಜೆನಾ?"

"ಛೆ ಛೆ! ಓಡೋ ಮಷಿನ್‌ಗೆ ಯಾರಾದ್ರೂ ವಿಭೂತಿ ಹಚ್ತಾರೇನ್ರಿ? ಬೆಳಿಗ್ಗೆ ಒಂದೀಟು ಎಂಟ್ರಿ ಮಾಡಿಸ್ತೀವಿ, ಬೋಣಿ ಆಗ್ಬೇಕಲ್ಲ. ಆಮ್ಯಾಲೆ ಆರಿಸಿ, ಒರೆಸಿ, ಊದಿನಕಡ್ಡಿ ಬೆಳಗಿ..."

"ಆರಿಸೋರು ಯಾರು?"

"ನಾನೇ. ಮೇನ್ ಸ್ವಿಚ್ ಎಳೆದುಬಿಡ್ತೀನಿ."

"ಯುಪಿಎಸ್ ಇರುತ್ತಲ್ರೀ?"

"ಅದಕ್ಕೂ ಪೂಜೆ ಬ್ಯಾಡೇನು? ಅದನ್ನ ಮೊದ್ಲೇ ಆರಿಸಿರ್ತೀನಿ."

ಸ್ಟೂಲಿನಿಂದ ಗುಲ್ನಾಜ್ ದನಿ ಬಂತು. "ನಾನು ಶಟ್‌ಡೌನ್ ಮಾಡ್ತೀನಿ ತಡೀರಿ ಸಾಹುಕಾರ್ರೆ ಅನ್ನೋದ್ರಾಗೆ ಸ್ವಿಚ್ ಎಳೆದಿರ್ತಾರಕ್ಕ. ಒಳ್ಳೆ ಟೈಮ್ ಮೀರುತ್ತಂತ."

ಹುಲಿಗೆಮ್ಮ ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟಳು. ಗೋಡೆಯ ಕ್ಯಾಲೆಂಡರ್ ಬಳಿ ಹೋಗಿ ಒಂದೊಂದೇ ತಿಂಗಳು ಹಿಂದಕ್ಕೆ ಮಗುಚಿದಳು. ಅಮಾವಾಸ್ಯೆಯ ಕಪ್ಪು ಚುಕ್ಕಿ ಇದ್ದ ದಿನದ ಮೇಲೆ ಬೆರಳಿಟ್ಟು ಕೇಳಿದಳು.

"ಭಾನುವಳ್ಳಿ ವರ ಕಳೆದಿದ್ದು?"

"ಇದೇ ದಿನ," ಎಂದಳು ಗುಲ್ನಾಜ್.

"ಅದಕ್ಕೂ ಹಿಂದಿನ ತಿಂಗಳದ್ದು?"

ಗುಲ್ನಾಜ್ ಹತ್ತಿರ ಬಂದು ತೋರಿಸಿದಳು. ಅಲ್ಲೂ ಕಪ್ಪು ಚುಕ್ಕಿ. ಅದರ ಹಿಂದಿನದೂ ಕಪ್ಪು ಚುಕ್ಕಿ.

"ಸಾಹುಕಾರ್ರೆ, ಕಳ್ಳ ಸಿಕ್ಕ," ಎಂದಳು ಹುಲಿಗೆಮ್ಮ.

"ಯಾರು?"

"ಸ್ವಿಚ್ ಎಳೆದೋರು. ಅಂದ್ರೆ ನೀವು."

ಕರಿಬಸವರಾಜರ ಹಣೆಯ ಮೂರು ಗೆರೆಗಳು ಆರಾದವು. "ನಾನಾ? ನನ್ನ ವರಾನ ನಾನೇ ಕದೀತೀನಾ? ಮತ್ತೆ ಹರಿಹರದಾಗೆ ಅವ್ನು ಹೆಂಗ್ ಬಂದ?"

"ಅವನಪ್ಪ ಎರಡೂ ಕಡೆ ಹೆಸರು ಬರೆಸಿದ್ರು. ನಿನ್ನೆ ಫೋನ್ ಹಚ್ಚಿ ಕೇಳೀನಿ. ಮದುವೆ ಆಗದ ಮಗನ್ನ ಇಟ್ಕೊಂಡೋರು ಒಂದೇ ಅಂಗಡೀಲಿ ಯಾಪಾರ ಮಾಡ್ತಾರೇನ್ರಿ?"

ಕಸ್ತೂರಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡರು. ಕರಿಬಸವರಾಜ ಒರೆಸಿಕೊಳ್ಳಲಿಲ್ಲ, ಏಕೆಂದರೆ ನಗು ಇರಲಿಲ್ಲ.

"ಆದ್ರೆ ಪೂರಾ ತಪ್ಪು ನಿಮ್ದಲ್ಲ," ಎಂದಳು ಹುಲಿಗೆಮ್ಮ. "ಕರೆಂಟ್ ಹೋದ್ರೆ ಎಲ್ಲ ಮರೆಯೋ ಸರ್ವರ್‌ನ ದಾವಣಗೆರೆಗೆ ಯಾರ್ರೀ ಆರಿಸಿ ತಂದಿದ್ದು?"

ಆರಿಸಿ ತಂದಿದ್ದು ಕಸ್ತೂರಮ್ಮ.

ಆ ಆಯ್ಕೆಯ ಚರಿತ್ರೆಯನ್ನು ಅವರೇ ಹೇಳಿದರು. ಹೆಮ್ಮೆಯಿಂದಲೇ ಹೇಳಿದರು. ಇಡೀ ಬದುಕು ಹೆಣ್ಣು ನೋಡಿಸುವುದರಲ್ಲೇ ಕಳೆದ ಮನೆಯವರು ಸರ್ವರನ್ನೂ ಹಾಗೇ ನೋಡಲು ಹೋಗಿದ್ದರು. ಒಳ್ಳೆಯ ವಾರ ನೋಡಿ, ಕಾರು ಮಾಡಿಕೊಂಡು, ಹರಿಹರದ ನಾಗಭೂಷಣನ ಅಂಗಡಿಗೆ. ನಾಗಭೂಷಣ್ ದೂರದ ಬೀಗರ ಕಡೆಯವನು. ಉಪ್ಪಿಟ್ಟು, ಮಿರ್ಚಿ, ಚಹಾ ಆದ ಮೇಲೆ ಮಷಿನನ್ನು ಹೊರಗೆ ತಂದು ಕೂರಿಸಿದ. ಬಣ್ಣ ಕೇಳಿದರು. ಯಾವ ಕಂಪನಿಯ ಕುಡಿ ಎಂದು ಮನೆತನ ವಿಚಾರಿಸಿದರು. ಸದ್ದು ಜಾಸ್ತಿಯೋ, ಸಣ್ಣ ಕೋಣೆಯಲ್ಲಿ ಹೊಂದಿಕೊಂಡು ಹೋಗುತ್ತೋ ಎಂದರು. ಮುಂದಿನ ದೀಪಗಳು ಮಿನುಗಿದಾಗ ಕಸ್ತೂರಮ್ಮನಿಗೆ ಲಕ್ಷಣ ಹಿಡಿಸಿಬಿಟ್ಟಿತು.

"ಈ ಹುಡ್ಗೀನೂ ಕರ್ಕೊಂಡ್ ಹೋಗಿದ್ವಿ, ಇಂಗ್ಲಿಷ್ ಬರುತ್ತಂತ. ಇದು ಅಲ್ಲಿ ಕೂತು ಏನೇನೋ ಕೇಳಕ್ಕೆ ಹತ್ತಿತು. ನಾನೇ ತೊಡೆ ಚಿವುಟಿ ಸುಮ್ನಿರಿಸಿದೆ."

"ಏನ್ ಕೇಳಿದ್ಯವ್ವ?" ಹುಲಿಗೆಮ್ಮ ತಿರುಗಿದಳು.

"ಡಿಸ್ಕ್ ಯಾವ್ದು ಅಂದೆ ಅಕ್ಕ," ಎಂದಳು ಗುಲ್ನಾಜ್. "ಡೇಟಾಬೇಸ್‌ಗಂತ್ಲೇ ಒಂದು ಮಷಿನ್ ಇಡೋದಾದ್ರೆ ಮೊದ್ಲು ಅದನ್ನೇ ಕೇಳ್ಬೇಕು. ಪ್ರೊಸೆಸರ್ ಸಾಧಾರಣದ್ದಿದ್ರೂ ನಡೀತೈತೆ, ನಮ್ಮಲ್ಲಿ ಏನು ಲಕ್ಷಾಂತರ ಜನ ಒಮ್ಮೆಲೇ ಮದುವೆ ಆಗ್ತಾರಾ? ತಪ್ಪಾದ್ರೆ ತಾನೇ ತಿದ್ಕೊಳ್ಳೋ ರ‍್ಯಾಮ್ ಬೇಕು ಅಂದೆ. ಸಾಹುಕಾರ್ರು, ರಾಮ ತಪ್ಪು ಮಾಡೋದುಂಟೇನವ್ವ ಅಂದ್ರು."

"ಅಂದಿದ್ದು ನಿಜ," ಕರಿಬಸವರಾಜ ಒಪ್ಪಿಕೊಂಡರು.

"ಎಲ್ಲಕ್ಕಿಂತ ಡಿಸ್ಕ್ ಮುಖ್ಯ ಅಕ್ಕ. ಸರ್ವರ್‌ಗಂತ ಬರೋ ಡಿಸ್ಕ್ ಒಳಗೆ ಒಂಚೂರು ಕರೆಂಟ್ ಕೂಡಿಟ್ಟಿರ್ತೈತೆ. ದಬಕ್ಕನೆ ಕರೆಂಟ್ ಹೋದ್ರೂ ಕೈಯಾಗಿದ್ದಿದ್ದನ್ನ ಬರೆದು ಮುಗಿಸೇ ಕಣ್ಣು ಮುಚ್ಚುತ್ತೆ. ಮನೆ ಕಂಪ್ಯೂಟರ್ ಡಿಸ್ಕ್ ಹಂಗಲ್ಲ. ಬರೆದೆ ಬರೆದೆ ಅಂತಿರ್ತೈತೆ, ಬರೆದಿರಲ್ಲ."

"ಅದನ್ನ ಅವತ್ತೇ ಯಾಕ್ ಕೇಳಬಾರ್ದಂದ್ರಿ ಕಸ್ತೂರಮ್ಮಾರೆ?"

"ಅಲ್ಲವ್ವ, ನೋಡಕ್ಕೆ ಹೋದ ದಿನಾನೇ ಒಳಗಿನ ಕಾಯ್ಲೆ-ಕಸಾಲೆ ಕೇಳ್ತಾರಾ? ಎದುರಿನೋರಿಗೆ ಬೇಜಾರಾಗಲ್ವಾ?"

ಇಡೀ ಪ್ರಕರಣ ಈ ಒಂದು ಸೌಜನ್ಯದಲ್ಲಿ ಸಿಕ್ಕಿಬಿದ್ದಿತ್ತು. ಹುಲಿಗೆಮ್ಮ ಹಣೆ ಒತ್ತಿಕೊಂಡಳು. ಕೊಲೆಗಡುಕರನ್ನು ಹಿಡಿಯಬಹುದು, ಸಂಭಾವಿತರನ್ನು ಹಿಡಿಯುವುದು ಹೇಗೆ?

"ಫೋಟೋ ಏನಾದ್ರೂ ತೆಗೆದಿದ್ರಾ?"

"ತೆಗೀದೆ ಇರ್ತೀನಾ!" ಕಸ್ತೂರಮ್ಮ ಫೋನ್ ಚಾಚಿದರು. "ಮುಂದಿಂದೊಂದು, ಹಿಂದಿಂದೊಂದು."

"ಹಿಂದಿಂದ್ಯಾಕೆ?"

"ಜಡೆ ನೋಡ್ಬೇಕಲ್ಲವ್ವ. ಅಭ್ಯಾಸ."

ಹುಲಿಗೆಮ್ಮ ಫೋಟೋ ಹಿಗ್ಗಿಸಿದಳು. ಹರಿಹರದಲ್ಲಿ ಕೂರಿಸಿ ತೋರಿಸಿದ ಮಷಿನಿನ ಬೆನ್ನು. ಎರಡು ದಪ್ಪ ಕರೆಂಟು ವೈರುಗಳು, ಎರಡು ಜಡೆ ಹಾಕಿದ ಹಾಗೆ, ಅಕ್ಕಪಕ್ಕ ಇಳಿಬಿದ್ದಿದ್ದವು.

ಅವಳು ಎದ್ದು ಈ ಕೋಣೆಯ ಮಷಿನಿನ ಹಿಂದೆ ಬಗ್ಗಿದಳು. ಒಂದೇ ಜಡೆ. ಇನ್ನೊಂದು ವೈರು ಸಿಕ್ಕಿಸಲು ಜಾಗವೂ ಇಲ್ಲ.

"ಗುಲ್ನಾಜ್, ಎರಡು ಯಾಕ್ ಇರ್ತಾವೆ?"

"ಒಂದು ಪವರ್ ಸಪ್ಲೈ ಸುಟ್ಟೋದ್ರೆ ಇನ್ನೊಂದು ಹಿಡ್ಕೊಳ್ಳಲಿ ಅಂತ ಅಕ್ಕ. ಒಳ್ಳೇ ಸರ್ವರ್‌ಗೆ ಇರ್ತಾವೆ..." ಎನ್ನುತ್ತಲೇ ಅವಳೂ ಬಗ್ಗಿ ನೋಡಿದಳು.

ಕಸ್ತೂರಮ್ಮನ ಮುಖ ಮಾತ್ರ ನೋಡುವಂತಿತ್ತು. ಸರ್ವರ್ ಅವರಿಗೆ ತಿಳಿಯದಿರಬಹುದು. ಈ ಮೋಸ ತಿಳಿಯದೆ ಇರುತ್ತದೆಯೇ?

"ಅಯ್ಯೋ ಶಿವನೇ! ದೊಡ್ಡಾಕೀನ ತೋರ್ಸಿ ಚಿಕ್ಕಾಕೀನ ಕೊಟ್ಟಾನಲ್ಲೋ ಬಸಣ್ಣ!"

* * *

ಫೋನ್ ಮಾಡಿ ಕರೆಸಿದ ನಾಗಭೂಷಣ್ ಹರಿಹರದಿಂದ ಬಂದಾಗ ಬಿಸಿಲು ಇಳಿಯುತ್ತಿತ್ತು. ಇಸ್ತ್ರಿ ಮುರಿಯದ ಶರ್ಟು, ಮುರಿಯಲಾರದ ನಗು. ಬಗಲಲ್ಲಿ ಲ್ಯಾಪ್‌ಟಾಪ್ ಚೀಲ.

"ಶರಣ್ರೀ ಅಕ್ಕಾರ. ರೈಲ್ವೆ ಗೇಟ್ ಹಾಕಿಬಿಟ್ಟಿದ್ರು, ತಡ ಆತು. ಅಣ್ಣಾರ ಮುಖ ಯಾಕ ಹಿಂಗೈತೆ?"

"ಕೂಡ್ರಿ," ಎಂದಳು ಹುಲಿಗೆಮ್ಮ. "ಜಡೆ ವಿಷ್ಯ ಮಾತಾಡೋದೈತೆ."

ಫೋಟೋ ನೋಡಿದ. ಮಷಿನ್ ನೋಡಿದ. ನಗು ಒಂದಿಷ್ಟೂ ಮಾಸಲಿಲ್ಲ.

"ಮಾಡೆಲ್ ಚೇಂಜ್ ಆತು ಮೇಡಂ. ಕಂಪನೀನೇ ಬದಲಾಯಿಸ್ತು. ಹೊಸದು ಒಂದೇ ವೈರಿನಾಗೆ ಎರಡರ ಕೆಲಸ ಮಾಡ್ತೈತೆ."

"ಡಿಸ್ಕೂ ಹೊಸದೇನು?"

"ಸರ್ವರ್ ಡಿಸ್ಕೇ. ಒರಿಜಿನಲ್."

"ಬಿಚ್ಚಿ ತೋರಿಸ್ರಿ."

"ಬಿಚ್ಚಬಹುದು. ಸೀಲ್ ಒಡೆದ್ರೆ ವಾರಂಟಿ ಹೋತು. ಅಣ್ಣಾರು ಹೂಂ ಅಂದ್ರೆ ಈಗ್ಲೇ ಸ್ಕ್ರೂಡ್ರೈವರ್ ತಗೀತೀನಿ."

ಅಣ್ಣಾರು ಹೂಂ ಅನ್ನಲಿಲ್ಲ. ವಾರಂಟಿ ಎಂಬುದು ಕರಿಬಸವರಾಜರ ಪಾಲಿಗೆ ತಾಳಿಯಷ್ಟೇ ಪವಿತ್ರ. ಬಿಚ್ಚುವುದೆಂದರೇನು!

"ಈ ಮೇಡಂಗೆ ಏನ್ ಗೊತ್ತು?" ನಾಗಭೂಷಣ್ ದನಿ ಬೆಣ್ಣೆ ಹಚ್ಚಿಕೊಂಡಿತು. "ಡೇಟಾ ತಾನಾಗೇ ಹೋಗಲ್ಲ ಅಣ್ಣಾರೆ. ಯಾರಾರ ಅಳಿಸ್ಬೇಕು. ಕೀಬೋರ್ಡ್ ಮುಂದೆ ದಿನಾ ಕೂರೋರು ಯಾರು? ನಾನಂತೂ ಅಲ್ಲ."

ಗುಲ್ನಾಜ್ ಎದ್ದು ನಿಂತಳು. "ಭೂಷಣ್ ಸರ್, ಅವತ್ತು ನಿಮ್ಮ ಅಂಗಡೀಲಿ ನಾನು ಡಿಸ್ಕ್ ಕೇಳಿದಾಗ ನೀವೇ ಹೇಳಿದ್ರಿ, ಕರೆಂಟ್ ಹೋದ್ರೂ ಒಂದಕ್ಷರ ಹೋಗಲ್ಲ ಅಂತ."

"ಹೇಳೀನಿ. ಈಗ್ಲೂ ಹೇಳ್ತೀನಿ."

ಹುಲಿಗೆಮ್ಮನ ಕಣ್ಣು ಮಿಂಚಿತು. ಅವಳು ಕಾಯುತ್ತಿದ್ದುದೇ ಈ ಮಾತಿಗೆ.

"ಹಂಗಾರೆ ಬಿಚ್ಚೋದೇ ಬ್ಯಾಡ. ಅಮಾಸೆ ದಿನ ಮಾಡೋ ಹಂಗೆ ಈಗ ಮಾಡೋಣ. ಒಬ್ಬ ಸುಳ್ಳು ವರನ್ನ ಎಂಟ್ರಿ ಮಾಡೋಣ. ಸಾಹುಕಾರ್ರು ಸ್ವಿಚ್ ಎಳೀಲಿ. ತಿರುಗಿ ಆನ್ ಮಾಡಿದಾಗ ವರ ಇದ್ರೆ ನಿಮ್ಮ ಮಷಿನ್ ಪತಿವ್ರತೆ, ಹುಡ್ಗೀನೇ ಕಳ್ಳಿ. ವರ ಇಲ್ದಿದ್ರೆ ಹುಡ್ಗಿ ಸ್ವಚ್ಛ. ನೀವು ತೋರ್ಸಿದ ಮಷಿನ್‌ನ ತಂದು ಕೂರಿಸ್ಬೇಕು. ಏನಂತೀರಿ?"

ನಾಗಭೂಷಣ್ ಕ್ಷಣ ಕಾಲ ಕೊರಳಪಟ್ಟಿ ಸರಿಮಾಡಿಕೊಂಡ. "ನಾನ್ ತಯಾರು. ಆದ್ರೆ ಆಕಿ ಬಾಜೂಕೆ ನಿಂತು ಏನಾರ ಕೈಚಳಕ ಮಾಡಿದ್ರೆ?"

"ಮಾಡಲ್ಲ." ಹುಲಿಗೆಮ್ಮನಿಗೆ ಗೆಲುವಿನ ವಾಸನೆ ಬಡಿದಿತ್ತು. ಆ ಮೂಗಿನ ದೌರ್ಬಲ್ಯವೇ ಅದು. "ಆಕಿ ಹೊಸ್ತಿಲಾಚೆ ನಿಲ್ತಾಳೆ. ಮಷಿನ್ ಮುಟ್ಟಲ್ಲ. ಟೆಸ್ಟ್ ಮುಗಿಯೋ ತನಕ ಒಂದು ಪದ ಆಡಲ್ಲ. ಆಡಿದ್ಲೋ, ಟೆಸ್ಟ್ ನಡೀಲೇ ಇಲ್ಲ ಅಂತ ಲೆಕ್ಕ."

"ಎರಡ್ನೇ ಸಲ ಇಲ್ಲ ಮತ್ತೆ."

"ಬ್ಯಾಡ. ಒಂದೇ ಸಲ ಸಾಕು."

"ಬರೀ ಬಾಯಿಮಾತು ಸಾಲಲ್ಲ," ಎಂದರು ಕಸ್ತೂರಮ್ಮ. ಒಳಗಿನಿಂದ ತಟ್ಟೆ ಬಂತು. ಎಲೆ, ಅಡಿಕೆ, ಒಂದು ಬಾಳೆಹಣ್ಣು. ಈ ಕೇಂದ್ರದಲ್ಲಿ ಎಲೆ-ಅಡಿಕೆ ಬದಲಾದ ಮಾತು ಮುರಿದ ಉದಾಹರಣೆ ಇಲ್ಲ. ಮುರಿದವರಿಗೆ ಆಮೇಲೆ ದಾವಣಗೆರೆಯಲ್ಲಿ ಹೆಣ್ಣೂ ಸಿಗುವುದಿಲ್ಲ, ಗಂಡೂ ಸಿಗುವುದಿಲ್ಲ.

ಹುಲಿಗೆಮ್ಮ ಎಲೆ ಹಿಡಿದಳು. ನಾಗಭೂಷಣ್ ಹಿಡಿದ. ಗುಲ್ನಾಜ್ ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ಹೊಸ್ತಿಲಾಚೆ ನಿಂತಳು. ಅವಳ ಕೈಯಲ್ಲಿ ಫೋನ್ ಮತ್ತೆ ಗುಂಯ್‌ಗುಟ್ಟಿತು. ಅಮ್ಮಿ.

ಕರಿಬಸವರಾಜ ಒಂದು ಬೆರಳಲ್ಲಿ ವರನನ್ನು ಸೃಷ್ಟಿಸತೊಡಗಿದರು.

"ಹೆಸ್ರು?"

"ಏನಾರ ಹಾಕ್ರಿ. ತಿಪ್ಪೇಶ," ಎಂದ ನಾಗಭೂಷಣ್.

"ಊರು?"

"ಸಾರಥಿ."

"ಏನ್ ಮಾಡ್ಕೊಂಡದಾನೆ?"

"ಅಣ್ಣಾರೆ, ಅವ್ನು ಇಲ್ವೇ ಇಲ್ಲ!"

"ಇಲ್ದಿದ್ರೇನು, ಕೆಲ್ಸ ಬ್ಯಾಡೇನು? ಕೆಲ್ಸ ಇಲ್ದ ಹುಡುಗನ್ನ ನಮ್ಮಲ್ಲಿ ಸೇರಿಸ್ಕೊಳ್ಳಲ್ಲ."

ತಿಪ್ಪೇಶನಿಗೆ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಸಿಕ್ಕಿತು. ದಾಖಲಾಯಿತು ಎಂದು ಪರದೆ ಹೇಳಿತು. ಎಲ್ಲರೂ ಕಣ್ಣಾರೆ ನೋಡಿದರು.

"ಎಳೀರಿ," ಎಂದಳು ಹುಲಿಗೆಮ್ಮ.

ಯುಪಿಎಸ್ ಆರಿತು. ಸ್ವಿಚ್ ಕೆಳಗೆ ಬಿತ್ತು. ಫ್ಯಾನು, ದೀಪ, ಮಷಿನಿನ ಗುಂಯ್‌ಕಾರ, ಎಲ್ಲ ಒಟ್ಟಿಗೆ ಸತ್ತವು. ಕೆಳಗಿನ ಮಂಡಿಪೇಟೆಯಲ್ಲಿ ಹಮಾಲರು ಚೀಲ ಎತ್ತುವ ಹುಯಿಲು ಮಾತ್ರ ಕೇಳುತ್ತಿತ್ತು.

"ಹಾಕ್ರಿ."

ದೀಪ ಬಂತು. ಮಷಿನ್ ಕೆಮ್ಮಿ, ಉಸಿರೆಳೆದು, ಮಿನುಗಿತು. ಪರದೆ ಬೆಳಗಿತು. ಹುಲಿಗೆಮ್ಮ ಕೈಕಟ್ಟಿ ನಿಂತು ಮುಗುಳ್ನಕ್ಕಳು. ಆ ನಗುವಿಗೆ ಬಹಳ ಆಯಸ್ಸಿರಲಿಲ್ಲ.

ಪರದೆಯ ಮೇಲೆ ತಿಪ್ಪೇಶ ಇದ್ದಾನೋ ಇಲ್ಲವೋ ತಿಳಿಯುವಂತಿರಲಿಲ್ಲ. ಕಪ್ಪು ಹಲಗೆಯಂಥ ಪರದೆ, ಮಧ್ಯದಲ್ಲಿ ಒಂದು ಖಾಲಿ ಪೆಟ್ಟಿಗೆ. ಪಾಸ್‌ವರ್ಡ್ ಕೊಟ್ಟರೆ ಮಾತ್ರ ಮುಂದೆ ಹೋಗುತ್ತೇನೆ ಎನ್ನುತ್ತಿತ್ತು.

"ಇದೇನು?" ಕರಿಬಸವರಾಜ ಕೇಳಿದರು. "ಪಾಸ್‌ವರ್ಡ್ ಯಾರಿಗ್ ಗೊತ್ತು?"

"ಎಲ್ಲಾ ಪಾಸ್‌ವರ್ಡ್ ಇಡೋರು ಯಾರು ಅಣ್ಣಾರೆ?" ನಾಗಭೂಷಣ್ ಹೊಸ್ತಿಲ ಕಡೆ ಗದ್ದ ಎತ್ತಿ ತೋರಿಸಿದ. "ಆಕಿ ಬಂದು ಹೊಡೀಬೇಕು, ಇಲ್ಲಾ ಅಲ್ಲಿಂದ್ಲೇ ಹೇಳ್ಬೇಕು. ಆದ್ರೆ ಎರಡೂ ಮಾಡಂಗಿಲ್ಲ. ನಾನಲ್ಲ, ಮೇಡಮ್ಮೋರೇ ಎಲೆ ಹಿಡಿದು ಅಂದಿದ್ದು."

ಹುಲಿಗೆಮ್ಮ ಬಾಗಿಲ ಕಡೆ ನೋಡಿದಳು. ಗುಲ್ನಾಜ್ ಎರಡೂ ಕೈ ಅಲ್ಲಾಡಿಸುತ್ತಿದ್ದಳು. ತಲೆ ಅಡ್ಡಡ್ಡ ಆಡುತ್ತಿತ್ತು. ಪರದೆಯತ್ತ ಬೆರಳು, ತನ್ನತ್ತ ಬೆರಳು, ಮತ್ತೆ ಇಲ್ಲ ಇಲ್ಲ ಎಂಬ ಕೈ. ಪಾಸ್‌ವರ್ಡ್ ಹೇಳಲ್ಲ ಎನ್ನುತ್ತಿದ್ದಾಳೋ, ಮರೆತಿದೆ ಎನ್ನುತ್ತಿದ್ದಾಳೋ? ಬೂದಿಯ ಭಾಷೆ ಬಲ್ಲ ಪತ್ತೇದಾರಿಗೆ ಈ ಕೈಸನ್ನೆ ಅರ್ಥವಾಗಲಿಲ್ಲ.

"ಕಸ್ತೂರಮ್ಮಾರೆ, ಇದೊಂದಕ್ಕೆ ಬಿಡ್ರಿ," ಎಂದಳು. ಜೀವನದಲ್ಲಿ ಮೊದಲ ಬಾರಿಗೆ ಹುಲಿಗೆಮ್ಮ ಬೇಡುತ್ತಿದ್ದಳು. "ಒಂದೇ ಒಂದು ಮಾತು. ಆಮ್ಯಾಲೆ ಆಕಿ ಆಚೇನೇ ಇರ್ತಾಳೆ."

ಕಸ್ತೂರಮ್ಮ ತಟ್ಟೆಯಲ್ಲಿದ್ದ ಎಲೆಗಳನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. "ಹೆಂಗವ್ವ ಬಿಡ್ಲಿ? ಇವತ್ತು ನಾನೇ ಎಲೆ-ಅಡಿಕೆ ಮಾತು ಮುರಿದ್ರೆ ನಾಳೆ ಈ ಮೆಟ್ಲು ಯಾರ್ ಹತ್ತುತಾರೆ?"

"ಮಷಿನ್‌ಗೇ ಬೀಗ ಜಡಿದಾಳಲ್ಲ!" ಕರಿಬಸವರಾಜ ಮೇಜು ಗುದ್ದಿದರು. "ಕದ್ದಿಲ್ದಿದ್ರೆ ಬೀಗ ಯಾಕ್ ಬೇಕಿತ್ತು? ಮಗಳ ಹಂಗೆ ನೋಡ್ಕೊಂಡ್ವಲ್ಲವ್ವ ನಿನ್ನ!"

ಮಗಳ ಹಾಗೆ ಎಂಬ ಆ ಮಾತನ್ನು ಗುಲ್ನಾಜ್ ತಡೆದುಕೊಳ್ಳಲಾಗಲಿಲ್ಲ. ಬಾಯಿಗೆ ಒತ್ತಿದ್ದ ದುಪಟ್ಟಾ ಜಾರಿತು.

"ಆ ಪಾಸ್‌ವರ್ಡ್ ನಾನಿಟ್ಟಿದ್ದಲ್ಲ ಸಾಹುಕಾರ್ರೆ! ಈ ಮಷಿನ್ ಇಷ್ಟು ದಿನ ಆನ್ ಮಾಡಿದಾಗ ಪಾಸ್‌ವರ್ಡ್ ಕೇಳೇ ಇಲ್ಲ. ಈ ಪರದೇನ ನಾನು ಇವತ್ತೇ ನೋಡ್ತಿರೋದು!"

ಮಷಿನ್ ಮಾರಿದವನು ಬಗಲಿನ ಲ್ಯಾಪ್‌ಟಾಪಿನಿಂದ, ಇಲ್ಲಿಗೆ ಬರುವ ಮೊದಲೇ, ದೂರದಿಂದಲೇ ಕೀಲಿ ಹಾಕಿರಬೇಕು ಎಂದು ಹುಲಿಗೆಮ್ಮನಿಗೆ ಆ ಕ್ಷಣವೇ ಹೊಳೆಯಿತು. ನಾಗಭೂಷಣನ ಮುಖದ ನಗು ಮೊದಲ ಬಾರಿಗೆ ಸರಿದಿತ್ತು. ಆದರೆ ಸರಿದ ನಗು ಹೋದಷ್ಟೇ ಬೇಗ ವಾಪಸು ಬಂತು.

"ಮಾತಾಡಿದ್ಲು ಅಕ್ಕಾರ," ಎಂದ ಮೆಲ್ಲಗೆ. "ಟೆಸ್ಟ್ ನಡೀಲೇ ಇಲ್ಲ ಅಂತ ಲೆಕ್ಕ. ಎರಡ್ನೇ ಸಲಾನೂ ಇಲ್ಲ."

ಹುಲಿಗೆಮ್ಮನಿಗೆ ವಾದ ಬೇಕಿತ್ತು. ಎದುರು ನಿಂತಿದ್ದುದು ಅವಳದೇ ಷರತ್ತು. ಕಸ್ತೂರಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿ, ಯಾರ ಮುಖವನ್ನೂ ನೋಡದೆ ಒಳಗೆ ನಡೆದರು.

ಕರಿಬಸವರಾಜ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದರು.

"ಹಲೋ, ಠಾಣೆಯೇನ್ರಿ? ಒಂದು ದೂರು ಕೊಡೋದಿತ್ತು."